ನೀರುನಾಯಿ, ಕಡಲ ಕಾಡು, ಸವಳು ಹೊಲ

ಸಿಂಧನೂರಿನ ಭತ್ತದ ಬೆಳೆಗಾರರಿಗೆ ಸಮುದ್ರದ ಪಾಚಿ ಹೊಸದೇನಲ್ಲ. ಯೂರಿಯಾ, ಡಿಎಪಿ ಕೊಳ್ಳುವಾಗಲೇ ಪಾಚಿರಸದ ಬಾಟಲಿಯನ್ನೂ ಕೊಂಡು ಪೈರಿಗೆ ಸಿಂಪಡಿಸುವವರಿದ್ದಾರೆ. ಇಫ್ಕೋ ತಯಾರಿಸುವ ‘ಸಾಗರಿಕಾ’ ಅಂಥದ್ದೇ ಒಂದು. ಕೆಂಪು ಮತ್ತು ಕಂದು ಪಾಚಿಗಳಿಂದ ತೆಗೆದದ್ದು. ಆ ಕಂದು ಪಾಚಿಗಳ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು ಕೆಲ್ಪ್.

ಕೆಲ್ಪ್‌ಗೆ ತಣ್ಣೀರೇ ಬೇಕು. ಕಾರವಾರದ ಬಂಡೆಗಳ ಮೇಲೆ ಸರ್ಗಾಸಮ್ ಪಾಚಿ ಬೆಳೆಯುತ್ತದೆ, ಕೆಲ್ಪ್ ಇಲ್ಲ. ಅದನ್ನು ನೋಡಬೇಕೆಂದರೆ ಕ್ಯಾಲಿಫೋರ್ನಿಯಾ, ಅಲಾಸ್ಕಾ, ಚಿಲಿ, ಟಾಸ್ಮೇನಿಯಾಗಳಂಥ ತಣ್ಣನೆಯ ಕರಾವಳಿಗೇ ಹೋಗಬೇಕು. ಅದಕ್ಕೆ ಬೇರಿಲ್ಲ, ಬುಡದ ಹಿಡಿಕೆಯಿಂದ ಬಂಡೆಯನ್ನು ಕಚ್ಚಿಕೊಂಡು ಮೇಲೇಳುತ್ತದೆ. ದೈತ್ಯ ಕೆಲ್ಪ್ ಹದ ಸಿಕ್ಕರೆ ದಿನಕ್ಕೆ ಒಂದಡಿಗೂ ಹೆಚ್ಚು ಬೆಳೆಯುವುದುಂಟು. ಅದರ ನೆರಳಲ್ಲಿ ಮೀನು, ಏಡಿ, ಶಂಖದ ಹುಳುಗಳೆಲ್ಲ ಸಂಸಾರ ಹೂಡುತ್ತವೆ.

ಕೆಲ್ಪಿನ ಈ ಕಾಡು ಏಕೆ ಉಳಿಯುತ್ತದೆ, ಏಕೆ ಅಳಿಯುತ್ತದೆ ಎಂಬುದರ ಗುಟ್ಟು ಅಲಾಸ್ಕಾದ ದ್ವೀಪಗಳಲ್ಲಿ ಬಯಲಾಯಿತು. ಜೇಮ್ಸ್ ಎಸ್ಟಿಸ್ ಮತ್ತು ಜಾನ್ ಪಾಲ್ಮಿಸಾನೊ 1974ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ದ್ವೀಪಸಮೂಹಗಳನ್ನು ಎದುರುಬದುರು ಇಟ್ಟು ನೋಡಿತು. ಕಡಲ ನೀರುನಾಯಿಗಳಿದ್ದ ಕಡೆ ಕೆಲ್ಪ್ ದಟ್ಟವಾಗಿತ್ತು. ಇಲ್ಲದ ಕಡೆ ಮುಳ್ಳುಚೆಂಡಿನಂಥ ಸಣ್ಣ ಜೀವಿಗಳು, ಅಂದರೆ ಸೀ ಅರ್ಚಿನ್‌ಗಳು, ಕೆಲ್ಪನ್ನು ಬುಡಸಮೇತ ಮೇಯ್ದು ಬಂಡೆ ಬರಿದು ಮಾಡಿದ್ದವು. ನೀರುನಾಯಿ ಅರ್ಚಿನ್ ತಿನ್ನುತ್ತದೆ, ಅರ್ಚಿನ್ ಕೆಲ್ಪ್ ತಿನ್ನುತ್ತದೆ. ತುಪ್ಪಳದ ಆಸೆಗೆ ಬೇಟೆಗಾರರು ನೀರುನಾಯಿಯನ್ನು ಕೊಂದರು; ಕಾಡು ತಾನಾಗಿ ಬಿತ್ತು.

ನೀರುನಾಯಿ ನಮ್ಮ ಹೊಳೆಯಲ್ಲೂ ಇದೆ, ಇನ್ನೊಂದು ಜಾತಿಯದು. ಸಿಂಧನೂರಿಗೆ ನೀರು ಕೊಡುವ ತುಂಗಭದ್ರೆಯಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿತು. ಮೀನಿಗಾಗಿ ಸಿಡಿಮದ್ದು ಹಾಕುವುದು, ಮರಳು ಬಗೆಯುವುದು, ಕೊಳಕು ಬಿಡುವುದು ನಿಲ್ಲದಿದ್ದರೆ ಆ ಘೋಷಣೆ ಕಾಗದದಲ್ಲೇ ಉಳಿಯುತ್ತದೆ.

ಅದೇ ಹೊಳೆಯ ನೀರು ಎಡದಂಡೆ ಕಾಲುವೆ ಹಿಡಿದು ಹೊಲಕ್ಕೆ ಬಂದ ಮೇಲಿನ ಕತೆ ಇನ್ನಷ್ಟು ಹತ್ತಿರದ್ದು. ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಟ್ಟಾಗ ಮೂಲ ಯೋಜನೆ ಇದ್ದದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಬಂದದ್ದು ಭತ್ತ. ಎರೆಮಣ್ಣು ನೀರನ್ನು ಬೇಗ ಕೆಳಗಿಳಿಸುವುದಿಲ್ಲ. ವರ್ಷಗಟ್ಟಲೆ ನಿಂತ ನೀರಿನಿಂದ ಅಂತರ್ಜಲ ಮೇಲೆದ್ದಿತು, ಜೊತೆಗೆ ಉಪ್ಪನ್ನೂ ಎತ್ತಿ ತಂದಿತು. ಬೇಸಿಗೆಯಲ್ಲಿ ನೀರು ಆರಿದಾಗ ಉಪ್ಪು ಬಿಳಿ ಪುಡಿಯಾಗಿ ಹೊಲದ ಮೇಲೆ ಕೂತಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳು-ಜವಳಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಲೆಕ್ಕವಿದೆ.

ಇಂಥ ನೆಲವನ್ನು ಸರಿಪಡಿಸಲು ಹೊರಡುವ ಮುನ್ನ ಸಿಡ್ನಿಯ ಉದಾಹರಣೆ ನೆನೆಯಬೇಕು. ಆ ನಗರದ ಕರಾವಳಿಯ ಸುಮಾರು 70 ಕಿಲೋಮೀಟರ್ ಉದ್ದಕ್ಕೂ ಇದ್ದ ಕ್ರೇವೀಡ್ ಎಂಬ ಕಂದು ಪಾಚಿ 1980ರ ದಶಕದ ಹೊತ್ತಿಗೆ ಮಾಯವಾಗಿತ್ತು. ಚರಂಡಿ ನೀರೇ ಕಾರಣವೆಂದು ವಿಜ್ಞಾನಿಗಳು ನಂಬುತ್ತಾರೆ. ಚರಂಡಿಯನ್ನು ಆಳ ಸಮುದ್ರಕ್ಕೆ ಸಾಗಿಸಿದ ಮೇಲೆ ನೀರು ತಿಳಿಯಾಯಿತು, ಪಾಚಿ ಮಾತ್ರ ತಾನಾಗಿ ಮರಳಲಿಲ್ಲ. 2011ರಿಂದ ಬೇರೆ ಕಡೆಯ ಬಲಿತ ಗಿಡಗಳನ್ನು ತಂದು ಬಂಡೆಗೆ ಬಲೆ ಬಿಗಿದು ಕಟ್ಟಿದರು. ಅವು ಮರಿ ಹಾಕಿದವು. ಮೊದಲು ನೀರು, ಆಮೇಲೆ ನಾಟಿ: ಈ ಕ್ರಮ ತಿರುಗುಮುರುಗಾಗಿದ್ದರೆ ಕಟ್ಟಿದ ಗಿಡಗಳೂ ಸಾಯುತ್ತಿದ್ದವು.

ಸವಳು ಹೊಲಕ್ಕೂ ಇದೇ ಕ್ರಮ. ಜಿಪ್ಸಂ ಚೆಲ್ಲಿದರೆ, ಉಪ್ಪು ತಡೆಯುವ ತಳಿ ನಾಟಿ ಮಾಡಿದರೆ ಸಾಲದು. ಕರಗಿದ ಉಪ್ಪು ಹೊರಹೋಗಲು ದಾರಿ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನೆಲದೊಳಗೆ ರಂಧ್ರವಿರುವ ಕೊಳವೆ ಹೂತು ನೀರು ಬಸಿಯುವ ಪ್ರಯೋಗಗಳನ್ನು ನಡೆಸಿದೆ. ಆದರೆ ಕೊಳವೆಯ ನೀರು ಬೀಳಬೇಕಾದ ಹಳ್ಳವೇ ಹೂಳು ತುಂಬಿ ಒತ್ತುವರಿಯಾಗಿದ್ದರೆ ಪ್ರಯೋಗ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಲಿಂಗಸುಗೂರು, ಮಸ್ಕಿಯ ಕಡೆಯವರು ಇದನ್ನು ಈಗಲೇ ಗಮನಿಸುವುದು ಒಳ್ಳೆಯದು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಸೀಮೆಯ ರೈತರು ದೀರ್ಘ ಕಾಲ ಧರಣಿ ಕೂತವರು. ಅವರ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೇ ಬಸಿಗಾಲುವೆಯನ್ನೂ ಕೇಳಲಿ, ನೀರು ಬರುವ ಮೊದಲೇ ಕೇಳಲಿ. ಸಿಂಧನೂರಿನವರು ಬೇಸಿಗೆಯಲ್ಲಿ ಕಾಲುವೆ ನಿಂತಾಗ ತಮ್ಮೂರಿನ ಹಳ್ಳದ ಹೂಳು ತೆಗೆಸಲಿ.