ಏಪ್ರಿಲ್ ಹನ್ನೊಂದು, ಏಪ್ರಿಲ್ ಹದಿನಾಲ್ಕು

ಹಬ್ಬಕ್ಕೆ ಪುರಾಣವಿದೆ, ಜಯಂತಿಗೆ ಚರಿತ್ರೆಯಿದೆ ಎಂದು ನಮ್ಮ ವಿದ್ಯಾವಂತರು ನಂಬಿಕೊಂಡಿದ್ದಾರೆ. ಮಂಡ್ಯ ಸೀಮೆಯ ಆಚರಣೆಗಳನ್ನು ನೋಡುತ್ತಾ ಬಂದ ನನಗೆ ಹಾಗನ್ನಿಸಿಲ್ಲ. ಜಯಂತಿಗಳಿಗೂ ಇಲ್ಲಿ ಪುರಾಣವನ್ನೇ ಹೊಸೆಯಲಾಗಿದೆ. ಆ ಪುರಾಣವನ್ನು ಬಿಡಿಸಿ ನೋಡಬೇಕಾದ ವಿಮರ್ಶೆ ಮಾತ್ರ ಹಾರ ಹಿಡಿದವರ ಸಾಲಿನಲ್ಲಿ ನಿಂತಿದೆ.

ಏಪ್ರಿಲ್ ತಿಂಗಳನ್ನೇ ತಗೊಳ್ಳಿ. 1938ರ ಏಪ್ರಿಲ್ 11ರಂದು ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಸರ್ಕಾರದ ನಿಷೇಧಾಜ್ಞೆ ಮುರಿದು ಟಿ. ಸಿದ್ದಲಿಂಗಯ್ಯನವರು ಧ್ವಜ ಏರಿಸಿದರು. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 25ಕ್ಕೆ, ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದವರ ಮೇಲೆ ಗೋಲಿಬಾರು ನಡೆಯಿತು. ಶಿವಪುರದ ಸತ್ಯಾಗ್ರಹ ಸೌಧ ಈ ನೆನಪಿನದು. ಅದೇ ಏಪ್ರಿಲ್ 11 ಜ್ಯೋತಿಬಾ ಫುಲೆ ಹುಟ್ಟಿದ ದಿನವೂ ಹೌದು, ವರ್ಷ 1827. ಮೂರು ದಿನ ಕಳೆದರೆ ಬಾಬಾಸಾಹೇಬರ ಜಯಂತಿ. ಒಂದೇ ವಾರದಲ್ಲಿ ಬರುವ ಈ ನೆನಪುಗಳು ನಮ್ಮ ಕಡೆ ಒಂದನ್ನೊಂದು ಮುಟ್ಟುವುದೇ ಇಲ್ಲ. ಶಿವಪುರ ಊರಿನದು, ಹದಿನಾಲ್ಕು ಕೇರಿಯದು, ಫುಲೆ ಯಾರಿಗೂ ಬೇಡದವರು.

ಯಾಕೆ ಹೀಗಾಯಿತು ಅನ್ನೋದಕ್ಕೆ ಚರಿತ್ರೆಯಲ್ಲೇ ಉತ್ತರವಿದೆ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯಿಂದ ಶುರುವಾಗಿ ಮೈಸೂರಿನ ಬ್ರಾಹ್ಮಣೇತರ ಚಳವಳಿ ಬೆಳೆಯಿತು. ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿತು. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಆ ಧೋರಣೆಯನ್ನು ಒಪ್ಪದೆ ಅದೇ ವರ್ಷ ದಿವಾನಗಿರಿ ಬಿಟ್ಟವರು ವಿಶ್ವೇಶ್ವರಯ್ಯನವರು. ಬ್ರಾಹ್ಮಣೇತರ ನಾಯಕರು 1937ರಲ್ಲಿ ಕಾಂಗ್ರೆಸ್ ಸೇರಿದ ಮೇಲೆ ಆ ಪಕ್ಷಕ್ಕೆ ಹಳ್ಳಿ ಸಿಕ್ಕಿತು. ಶಿವಪುರ ಸಾಧ್ಯವಾದದ್ದು ಇದರಿಂದ. ಆದರೆ ಸಿಕ್ಕಿದ ಹಳ್ಳಿ ಜಮೀನಿದ್ದವರ ಹಳ್ಳಿ. ಬಾವುಟ ಏರಿತು, ಕೇರಿ ಇದ್ದಲ್ಲೇ ಇತ್ತು.

ಶಿವಪುರ ಸಣ್ಣದು ಅಂತ ನಾನು ಹೇಳ್ತಿಲ್ಲ. ಜೈಲು ಕಂಡವರ ಧೈರ್ಯ ಧೈರ್ಯವೇ. ಆದರೆ ಅದೇ 1938ರ ಜನವರಿಯಲ್ಲಿ ಮುಂಬಯಿಯಲ್ಲಿ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೊಂಕಣದ ಖೋತಿ ಜಮೀನ್ದಾರಿಯನ್ನು ರದ್ದು ಮಾಡಿ ಎಂದು ಅಂಬೇಡ್ಕರ್ 1937ರಲ್ಲಿ ಶಾಸನಸಭೆಯಲ್ಲಿ ಮಸೂದೆ ತಂದಿದ್ದರು. ಅದರ ಬೆನ್ನಿಗೆ ಸಾವಿರಾರು ರೈತರು ಶಾಸನಸಭೆಗೆ ಮೆರವಣಿಗೆ ಹೊರಟರು. ಅವರಲ್ಲಿ ಕುಣಬಿಗಳೂ ಇದ್ದರು, ಮಹಾರರೂ ಇದ್ದರು. ಉಳುವ ಶೂದ್ರನೂ ಅಸ್ಪೃಶ್ಯನೂ ಜೊತೆಗೆ ನಡೆದು ಕೇಳಿದ್ದು ನೆಲವನ್ನು. ಮೂರು ತಿಂಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳಲ್ಲಿ ಒಂದು ಮಂಡ್ಯದ ಹೆಮ್ಮೆಯಾಯಿತು. ಇನ್ನೊಂದು ಮಂಡ್ಯದ ಕಿವಿಗೇ ಬೀಳಲಿಲ್ಲ.

ಬಿದ್ದಿದ್ದರೆ ನಾಲೆಯ ಕತೆಯನ್ನೂ ನಾವು ಬೇರೆ ರೀತಿ ಹೇಳುತ್ತಿದ್ದೆವು. ಸೆಪ್ಟೆಂಬರ್ 15 ಬಂದರೆ ನಮ್ಮ ಸೀಮೆ ಸರ್ ಎಂ.ವಿ.ಗೆ ಕೈ ಮುಗಿಯುತ್ತದೆ. ಕನ್ನಂಬಾಡಿಯ ನೀರು ಉಂಡವರು ಮುಗಿಯಲಿ, ತಪ್ಪೇನಿಲ್ಲ. ಆದರೆ ನಾಲೆ ನೀರು ಹರಿದದ್ದು ಜಮೀನಿಗೆ. ಜಮೀನೇ ಇಲ್ಲದವನಿಗೆ ಅದರಿಂದ ಬಂದದ್ದು ಕೂಲಿ. ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿದರು. ನೀರನ್ನೇ ದೇವರು ಮಾಡಿಕೊಂಡ ಜಿಲ್ಲೆಗೆ ನೀರಿನ ಈ ಎರಡು ತಾರೀಕು ಗೊತ್ತಿಲ್ಲದಿರುವುದು ಮರೆವಲ್ಲ, ಅದು ಯಜಮಾನಿಕೆ ಮಾಡಿಕೊಂಡ ಆಯ್ಕೆ.

ಹಾಗಾದರೆ ಊರು ಕೇರಿಗಳನ್ನು ಕೂಡಿಸುವ ನೆನಪು ನಮ್ಮ ನೆಲದಲ್ಲೇ ಇಲ್ಲವೇ? ಇದೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಬಾಯಲ್ಲಿದೆ. ಮೈಯೆಲ್ಲ ನಾರುವ ಅಸ್ಪೃಶ್ಯನ ರೂಪದಲ್ಲಿ ಬಂದ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಲ್ಲಿ ತಡೆಯುತ್ತಾರೆ. ಸಮಾನತೆಯ ಊರಿನ ಬಾಗಿಲಲ್ಲೇ ಕೇಳಿದ ಪ್ರಶ್ನೆ ಇದು. ಆತ ಶಿಷ್ಯನನ್ನಾಗಿ ಪಡೆದದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಮ್ಮಾರರ ಹುಡುಗ ಕೆಂಪಾಚಾರಿಯನ್ನು. ಅವನೇ ಮುಂದೆ ಸಿದ್ದಪ್ಪಾಜಿ. ಗುರುವಿನ ಮಾತಿನಂತೆ ಕಬ್ಬಿಣದ ಭಿಕ್ಷೆಗೆ ಮಳವಳ್ಳಿ ಸೀಮೆಯ ಹಲಗೂರಿಗೆ ಹೋದ ಅವನನ್ನು ಹಿಂಸಿಸಿದವರು ಅವನ ಜಾತಿಯ ಪಾಂಚಾಳರೇ. ಜಾತಿ ಬಿಟ್ಟು ಕೆಳಗಿನವನ ಹಿಂದೆ ನಡೆದವನಿಗೆ ಸ್ವಂತ ಜನ ಕೊಡುವ ಶಿಕ್ಷೆ ಏನೆಂದು ಈ ಕತೆಗಿಂತ ಚೆನ್ನಾಗಿ ನಮಗೆ ಯಾರು ಹೇಳಿದ್ದಾರೆ?

ಈ ಕಾವ್ಯಕ್ಕೂ ತನ್ನದೇ ದಿನವಿದೆ. ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ. ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ಒಕ್ಕಲುಗಳು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಅಲ್ಲಿಗೆ ಹೋಗುತ್ತವೆ. ಪಂಕ್ತಿಸೇವೆಯ ದಿನ ಹಲವು ಜಾತಿಯವರು ಬಿಡಾರ ಹೂಡಿ, ಬಾಡು ಬೇಯಿಸಿ, ಸಾಲಾಗಿ ಕೂತು ಉಣ್ಣುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಪ್ರಾಣಿಬಲಿ ನಿಷೇಧದ ಕಾನೂನು ಹಿಡಿದು ಈ ಊಟಕ್ಕೇ ಅಡ್ಡಿ ಬಂತು. ಇದು ಬಲಿ ಅಲ್ಲ ಸ್ವಾಮಿ, ಊಟ ಎಂದು ಜನ ವಾದಿಸಬೇಕಾಯಿತು. ಐದು ದಿನದ ಈ ಪಂಕ್ತಿ ಊರಿಗೆ ವಾಪಸ್ಸು ಬಂದ ಮೇಲೂ ಉಳಿಯುತ್ತದೆ ಎಂದು ನಾನೇನೂ ಭ್ರಮಿಸಿಲ್ಲ. ಆದರೆ ಹೀಗೆ ಕೂತು ಉಣ್ಣಬಹುದು ಎಂಬ ನೆನಪನ್ನಾದರೂ ಅದು ಕಾಪಾಡಿದೆ.

ನಮ್ಮ ವಿಮರ್ಶೆ ಇದನ್ನು ಜಾನಪದ ಎಂಬ ಕಪಾಟಿಗೆ ಹಾಕಿ ಬೀಗ ಜಡಿಯಿತು. ಜಾನಪದ ಅಂದ ತಕ್ಷಣ ತಾರೀಕಿಲ್ಲ, ಚರಿತ್ರೆಯಿಲ್ಲ, ರಾಜಕಾರಣವಂತೂ ಇಲ್ಲವೇ ಇಲ್ಲ! ಶಿಷ್ಟರ ಜಯಂತಿಗಳಾದರೂ ಆಕಾಶದಿಂದ ಉದುರಿದವಲ್ಲ. ಬಸವ ಜಯಂತಿ ಸಾರ್ವಜನಿಕವಾಗಿ ಶುರುವಾದದ್ದು 1913ರಲ್ಲಿ, ದಾವಣಗೆರೆಯಲ್ಲಿ, ಹರ್ಡೇಕರ್ ಮಂಜಪ್ಪನವರ ಪ್ರಯತ್ನದಿಂದ. ಯಾರೋ ಬೇಕೆಂದು ಕಟ್ಟಿದ್ದರಿಂದ ಅದು ನಿಂತಿದೆ. ಕಟ್ಟುವುದು ನಮಗೂ ಆಗದ ಕೆಲಸವಲ್ಲ.

ಎಚ್ಚರವಿರಬೇಕಾದದ್ದು ನಮ್ಮ ಹದಿನಾಲ್ಕರ ಬಗ್ಗೆ. ಈಗ ಅದಕ್ಕೆ ಊರಿನ ಯಜಮಾನರೂ ಬರುತ್ತಾರೆ, ಚಂದಾ ಕೊಡುತ್ತಾರೆ, ಫ್ಲೆಕ್ಸಿನಲ್ಲಿ ನಗುತ್ತಾರೆ. ಬರಲಿ. ಆದರೆ ವೇದಿಕೆಯ ಮೇಲೆ ಕೂಲಿ, ಜಮೀನು, ಸ್ಮಶಾನದ ಮಾತೆತ್ತಿದರೆ 'ಇವತ್ತು ಬ್ಯಾಡ ಕಣ್ರಪ್ಪ, ಹಬ್ಬದ ದಿನ' ಅನ್ನುತ್ತಾರೆ. ಆ ಮಾತಿಗೆ ನಾವು ಸುಮ್ಮನಾದ ಗಳಿಗೆಯಲ್ಲೇ ನಮ್ಮ ಜಯಂತಿ ಅವರ ಪುರಾಣಕ್ಕೆ ಸೇರಿಬಿಡುತ್ತದೆ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನದು ಒಂದೇ ಬೇಡಿಕೆ. ಜಯಂತಿಯನ್ನು ಹನ್ನೊಂದಕ್ಕೇ, ಶಿವಪುರದಲ್ಲೇ ಶುರು ಮಾಡಿ. ಬಾವುಟ ಏರಿಸಿದವರ ಮಕ್ಕಳು ಮೊಮ್ಮಕ್ಕಳನ್ನೂ ಕರೆಯಿರಿ. ಫುಲೆಯ ತೊಟ್ಟಿಯ ಕತೆ, ಖೋತಿ ಮೆರವಣಿಗೆಯ ಕತೆ ಹೇಳಿ. ನೀಲಗಾರರಿಂದ ಹಲಗೂರಿನ ಸಾಲು ಹಾಡಿಸಿ. ಆಮೇಲೆ ಮೂರು ದಿನ ಊರು ಕೇರಿ ಎರಡರಲ್ಲೂ ಒಂದೇ ವಿಷಯ ಚರ್ಚೆಯಾಗಲಿ: ನಮ್ಮ ತಾಲ್ಲೂಕಿನಲ್ಲಿ ನೆಲ ಯಾರ ಕೈಲಿದೆ, ನೀರು ಯಾರ ಗದ್ದೆಗೆ ಹೋಗುತ್ತಿದೆ? ಹದಿನಾಲ್ಕರ ಹಾರ ಅಲ್ಲೀತನಕ ಕಾಯಲಿ.