ಆಲಾಪದ ನಡುವಣ ಜಾಹೀರಾತು

'ಜಾಹೀರಾತು' ಎಂಬ ಶಬ್ದವು ಮೂಲತಃ ಕನ್ನಡದ್ದಲ್ಲ. ಅದರ ಬೇರು ಅರಬ್ಬಿಯ 'ಜಾಹಿರ್' ಎಂಬುದರಲ್ಲಿದೆ. ಪ್ರಕಟವಾದದ್ದು, ಎಲ್ಲರ ಕಣ್ಣಿಗೂ ಬೀಳತಕ್ಕದ್ದು ಎಂದು ಅದರ ಅರ್ಥ. ಮರಾಠಿಯ ನೆರೆಯಲ್ಲಿ ಬಾಳುವ ಮುಂಬಯಿ, ಪುಣೆಗಳ ಕನ್ನಡಿಗರಿಗೆ 'ಜಾಹಿರಾತ್' ಎಂಬ ರೂಪವೂ ಪರಿಚಿತವೇ. ಊರಗೋಡೆಯ ಮೇಲೆ, ಪತ್ರಿಕೆಯ ಕೊನೆಯ ಪುಟದಲ್ಲಿ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲಿನ ಅಂಚಿನಲ್ಲಿ ಅದು ಬಹುಕಾಲ ಈ ಅರ್ಥಕ್ಕೆ ತಕ್ಕಂತೆಯೇ ನಡೆದುಕೊಂಡಿತು. ಕಣ್ಣಿಗೆ ಬಿದ್ದಿತು, ಕಣ್ಣಿಗೆ ಅಡ್ಡ ಬರಲಿಲ್ಲ. ಯೂಟ್ಯೂಬಿನಂತಹ ವೀಡಿಯೊ ತಾಣಗಳಲ್ಲಿ ಅದು ಅಡ್ಡವೇ ನಿಂತಿದೆ. ಅದನ್ನು ಸರಿಸಲೆಂದು 'ಆ್ಯಡ್ ಬ್ಲಾಕರ್' ಎಂಬ ಉಪಕರಣ ಹುಟ್ಟಿತು. ಅದನ್ನು ಸೋಲಿಸಲೆಂದು ತಾಣದವರು ಮತ್ತೊಂದು ಉಪಾಯ ಹೂಡಿದರು. ಈ ಹಗ್ಗಜಗ್ಗಾಟದ ವಿಷಯದಲ್ಲಿ ಎರಡು ವಾದಗಳು ಪ್ರಚಲಿತವಾಗಿವೆ. ತಡೆಯುವವನು ಕಲಾವಿದನ ಅನ್ನ ಕದಿಯುತ್ತಾನೆಂಬುದು ಒಂದು. ತನ್ನ ಯಂತ್ರದ ಪರದೆಯ ಮೇಲೆ ಏನು ಮೂಡಬೇಕೆಂಬುದನ್ನು ನಿರ್ಧರಿಸುವ ಹಕ್ಕು ತನ್ನದೇ ಎಂಬುದು ಇನ್ನೊಂದು. ಎರಡರಲ್ಲಿಯೂ ಕೃತಿಯ ಪ್ರಸ್ತಾಪವಿಲ್ಲ. ಜಾಹೀರಾತು ಎಲ್ಲಿ ಬಂದು ಬೀಳುತ್ತದೆ, ಬಿದ್ದಾಗ ಕೃತಿಗೆ ಏನಾಗುತ್ತದೆ ಎಂಬ ಪ್ರಶ್ನೆ ವಿಮರ್ಶೆಗೆ ಸೇರಿದ್ದು. ಅದನ್ನು ಲೆಕ್ಕಪತ್ರದವರಿಗೂ ವಕೀಲರಿಗೂ ಬಿಟ್ಟುಕೊಡಲಾಗಿದೆ.

ಮೊದಲು ಲೆಕ್ಕವನ್ನೇ ನೋಡಬಹುದು. 2005ರಲ್ಲಿ ಆರಂಭವಾದ ಯೂಟ್ಯೂಬನ್ನು ಮರುವರ್ಷ ಗೂಗಲ್ ಸಂಸ್ಥೆ 165 ಕೋಟಿ ಡಾಲರ್ ಬೆಲೆಗೆ ಕೊಂಡಿತು. 2007ರಲ್ಲಿ ಚಿತ್ರದ ಕೆಳಭಾಗದಲ್ಲಿ ತೇಲುವ ಜಾಹೀರಾತು ಬಂತು. 2010ರ ಡಿಸೆಂಬರಿನಲ್ಲಿ ಐದು ಸೆಕೆಂಡುಗಳ ತರುವಾಯ ದಾಟಿಹೋಗಬಹುದಾದ ಜಾಹೀರಾತು ಬಂತು. 2019ರಲ್ಲಿ ಈ ಮೂಲದ ಆದಾಯ ಸುಮಾರು 1,500 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 3,600 ಕೋಟಿ ಡಾಲರನ್ನು ಮೀರಿತು. ಪಾಲುದಾರಿಕೆಗೆ ಸೇರಿದ ವಾಹಿನಿಗಳಿಗೆ ದೀರ್ಘ ವೀಡಿಯೊಗಳ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಪಾಲು ಸಲ್ಲುತ್ತದೆ. ಪತ್ರಿಕಾ ಲೇಖಕನಿಗೂ ಆಕಾಶವಾಣಿಯ ಕಲಾವಿದನಿಗೂ ಇಂತಹ ಪಾಲು ಎಂದೂ ದೊರೆತಿರಲಿಲ್ಲ. ಅದು ನ್ಯಾಯವಾಗಿ ಹೇಳಬೇಕಾದ ಮಾತು.

2010ರ ಆ ಕ್ರಮದಲ್ಲಿ ಒಂದು ಸ್ವಾರಸ್ಯವಿತ್ತು. ಪ್ರೇಕ್ಷಕನು ಜಾಹೀರಾತನ್ನು ಮೂವತ್ತು ಸೆಕೆಂಡು, ಅಥವಾ ಅದು ಅದಕ್ಕಿಂತ ಚಿಕ್ಕದಾಗಿದ್ದರೆ ಪೂರ್ತಿಯಾಗಿ ನೋಡಿದಾಗ, ಇಲ್ಲವೇ ಅದನ್ನು ಒತ್ತಿ ಮುಂದೆ ಹೋದಾಗ ಮಾತ್ರ ಜಾಹೀರಾತುದಾರನು ಹಣ ತೆರಬೇಕಿತ್ತು. ಆರನೆಯ ಸೆಕೆಂಡಿಗೆ 'ಸ್ಕಿಪ್' ಒತ್ತಿದವನಿಂದ ಯಾರ ಖಾತೆಗೂ ಏನೂ ಜಮೆಯಾಗುತ್ತಿರಲಿಲ್ಲ. ಹಾಗಾದರೆ ದಾಟಿದವನೂ ತಡೆದವನೂ ಖಾತೆಯ ದೃಷ್ಟಿಯಲ್ಲಿ ಒಂದೇ. ಆದರೆ ದಾಟಿದವನನ್ನು ಯಾರೂ ಕಳ್ಳನೆಂದು ಕರೆಯಲಿಲ್ಲ. ತರುವಾಯ ದಾಟಲಾಗದ ಜಾಹೀರಾತುಗಳೂ ತೋರಿಸಿದ ಸಂಖ್ಯೆಯ ಮೇಲೆ ಹಣ ಪಡೆಯುವ ಪದ್ಧತಿಗಳೂ ಬೆಳೆದದ್ದರಿಂದ ಈ ವಾದದ ಬಲ ಇಂದು ಅಷ್ಟಿಲ್ಲ. ಆದರೂ ಕಳ್ಳತನವೆಂಬ ಶಬ್ದವನ್ನು ಬಳಸುವವರು ಯಾರ ಗಂಟು ಹೋಯಿತೆಂಬುದನ್ನು ಮೊದಲು ತೋರಿಸಬೇಕು.

ಅದನ್ನು ತೋರಿಸುವುದು ಸುಲಭವಲ್ಲ. ಪಾಲುದಾರಿಕೆಗೆ ಸೇರಬೇಕಾದರೆ ಸಾವಿರ ಚಂದಾದಾರರೂ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಇರಬೇಕೆಂದು 2018ರಲ್ಲಿ ನಿಯಮವಾಯಿತು. 2020ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ 2021ರಲ್ಲಿ ಉಳಿದೆಡೆಯೂ ಕರಾರು ಬದಲಾಗಿ, ಪಾಲುದಾರರಲ್ಲದವರ ವೀಡಿಯೊಗಳಲ್ಲಿಯೂ ಜಾಹೀರಾತು ಹಾಕುವ ಅಧಿಕಾರವನ್ನು ಸಂಸ್ಥೆ ತನಗೆ ತಾನೇ ಕೊಟ್ಟುಕೊಂಡಿತು. ಅಂತಹ ಜಾಹೀರಾತಿನಲ್ಲಿ ವೀಡಿಯೊ ಒದಗಿಸಿದವನಿಗೆ ಬಿಡಿಗಾಸೂ ಇಲ್ಲ. ಯಾರೋ ನಿವೃತ್ತ ಉಪಾಧ್ಯಾಯರು ತಮ್ಮ ಸಂಗ್ರಹದ ಹಳೆಯ ಕ್ಯಾಸೆಟ್ಟಿನ ಹರಿಕಥೆಯನ್ನೋ ತಾಳಮದ್ದಳೆಯನ್ನೋ ಮುಂದಿನವರಿಗೆ ಉಳಿಯಲೆಂದು ಏರಿಸುತ್ತಾರೆ. ಚಂದಾದಾರರು ಮುನ್ನೂರು ಮಂದಿ. ಅಲ್ಲಿ ಬರುವ ಜಾಹೀರಾತನ್ನು ತಡೆದರೆ ಕಲಾವಿದನಿಗೆ ನಷ್ಟವಿಲ್ಲ, ಸಂಗ್ರಾಹಕನಿಗೂ ನಷ್ಟವಿಲ್ಲ. ಅದೇ ಉಪಕರಣ, ಹತ್ತು ವರ್ಷ ಊರೂರು ಸುತ್ತಿ ಯಕ್ಷಗಾನವನ್ನು ಚಿತ್ರೀಕರಿಸಿ ಪಾಲುದಾರನಾದವನ ವಾಹಿನಿಯಲ್ಲಿ ಕೆಲಸ ಮಾಡಿದರೆ ಅವನ ಗಳಿಕೆಗೆ ನಿಜವಾಗಿಯೂ ಕತ್ತರಿ ಬೀಳುತ್ತದೆ. ಕೃತ್ಯ ಒಂದೇ, ಫಲ ಎರಡು. ನೋಡುವವನಿಗೆ ಈ ಭೇದ ಸುಲಭವಾಗಿ ಕಾಣುವಂತಿಲ್ಲ. ಕೆಲವು ತಡೆಗಳಲ್ಲಿ ಆಯ್ದ ವಾಹಿನಿಗಳಿಗೆ ವಿನಾಯಿತಿ ನೀಡುವ ಸೌಕರ್ಯವಿದೆ. ಅದನ್ನು ಬಳಸುವಷ್ಟು ತಾಳ್ಮೆ ಎಷ್ಟು ಮಂದಿಗೆ ಇದ್ದೀತು?

ಇನ್ನು ಕೃತಿಯ ಮಾತು. ಕಲೆ ಮತ್ತು ಹಣದ ಸಂಬಂಧ ಕನ್ನಡ ನಾಡಿಗೆ ಹೊಸತಲ್ಲ. ಕರಾವಳಿಯಲ್ಲಿ ಹರಕೆಯ ಆಟವನ್ನು ಆಡಿಸುವ ಸೇವಾಕರ್ತರು ಚೌಕಿಪೂಜೆಯ ಹೊತ್ತಿಗೆ ಪ್ರಸಾದ ಸ್ವೀಕರಿಸುತ್ತಾರೆ; ಅವರ ಹೆಸರು ಊರಿಗೆಲ್ಲ ತಿಳಿದಿರುತ್ತದೆ. ಆದರೆ ಕರ್ಣನ ಸಾರಥ್ಯ ವಹಿಸಿದ ಶಲ್ಯನು ಮಾತು ಹೂಡಿರುವಾಗ ಸೇವಾಕರ್ತರು ರಂಗಸ್ಥಳಕ್ಕೆ ಬಂದು ತಮ್ಮ ಅಂಗಡಿಯ ವಿಷಯ ಹೇಳುವುದಿಲ್ಲ. ಕಂಪನಿ ನಾಟಕಗಳಲ್ಲಿ ಪರದೆ ಬಿದ್ದಾಗ ಮಾತ್ರ ಸೋಡಾ ಮಾರುವವನ ಕೂಗು. 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರಗಳ ವಿವಿಧ ಭಾರತಿಯಲ್ಲಿ ವಾಣಿಜ್ಯ ಪ್ರಸಾರ ತೊಡಗಿದಾಗಲೂ ಜಾಹೀರಾತು ಹಾಡು ಹಾಡುಗಳ ನಡುವೆ ಕುಳಿತಿತೇ ಹೊರತು ಚರಣದ ನಡುವೆ ಅಲ್ಲ. ಪೋಷಕನು ಎಲ್ಲ ಕಾಲದಲ್ಲಿಯೂ ಇದ್ದನು. ಅವನಿಗೆ ಒಂದು ಸ್ಥಳವೂ ಇತ್ತು. ಆ ಸ್ಥಳವನ್ನು ಗೊತ್ತುಮಾಡುತ್ತಿದ್ದದ್ದು ಕೃತಿಯ ಅಂಗರಚನೆ.

ಯೂಟ್ಯೂಬಿನಲ್ಲಿ ಅದನ್ನು ಗೊತ್ತುಮಾಡುವುದು ಅವಧಿ. ಹತ್ತು ನಿಮಿಷಕ್ಕಿಂತ ದೀರ್ಘವಾದ ವೀಡಿಯೊಗಳ ನಡುವೆ ಜಾಹೀರಾತು ಇಡಬಹುದೆಂಬ ನಿಯಮವನ್ನು 2020ರ ಜುಲೈಯಲ್ಲಿ ಎಂಟು ನಿಮಿಷಕ್ಕೆ ಇಳಿಸಲಾಯಿತು. ಮೂರು ನಿಮಿಷದ ಚಿತ್ರಗೀತೆ ಪಾರಾಯಿತು. ಅದಕ್ಕೆ ಬಂದರೆ ಮೊದಲಲ್ಲಿ ಒಂದು ಜಾಹೀರಾತು ಬಂದೀತು. ಐವತ್ತು ನಿಮಿಷದ ಖಯಾಲ್, ಎರಡು ಗಂಟೆಯ ತಾಳಮದ್ದಳೆ, ಇರುಳಿಡೀ ನಡೆದ ಬಯಲಾಟ ಇವುಗಳಿಗೆ ದೀರ್ಘತೆಯೇ ದೋಷವಾಯಿತು. ಸಾವಧಾನವಾಗಿ ಬೆಳೆಯುವುದೇ ಯಾವ ಕಲೆಯ ಸ್ವಭಾವವೋ ಆ ಕಲೆಗೇ ಹೆಚ್ಚು ಪೆಟ್ಟು.

2025ರ ಮೇ ತಿಂಗಳಿನಿಂದ, ನಡುವೆ ಬರುವ ಜಾಹೀರಾತುಗಳನ್ನು 'ಸಹಜ ವಿರಾಮ'ಗಳಲ್ಲಿ, ಅಂದರೆ ಮಾತು ನಿಂತ ಇಲ್ಲವೇ ದೃಶ್ಯ ಬದಲಾದ ಎಡೆಗಳಲ್ಲಿ, ಹೆಚ್ಚಾಗಿ ಇಡುವ ಕ್ರಮವನ್ನು ಸಂಸ್ಥೆ ಕೈಗೊಂಡಿತು. ವಾಕ್ಯದ ನಡುವೆಯೇ ಮಾತನ್ನು ಕತ್ತರಿಸುತ್ತಿದ್ದ ಹಿಂದಿನ ರೀತಿಗಿಂತ ಇದು ಮೇಲು. ಅಡುಗೆಯ ವಿವರಣೆಗೂ ಕ್ರಿಕೆಟ್ಟಿನ ಚರ್ಚೆಗೂ ಇದು ಒಪ್ಪುತ್ತದೆ. ಆದರೆ ಕಿರಾನಾ ಘರಾಣೆಯ ವಿಲಂಬಿತ ಆಲಾಪದಲ್ಲಿ ವಿರಾಮವೆಂದರೇನು? ಭೀಮಸೇನ ಜೋಶಿಯವರು ನಿಷಾದದ ಮೇಲೆ ನಿಂತು, ಉಸಿರು ತೆಗೆದುಕೊಂಡು, ಷಡ್ಜವನ್ನು ಮುಟ್ಟದೆ ಕಾಯಿಸುವ ಆ ಕ್ಷಣದ ಮೌನ ಗಾಯನದ ಹೊರಗಿನದಲ್ಲ. ತಂಬೂರಿ ಮಾತ್ರ ಮಿಡಿಯುತ್ತಿರುವ ಆ ಹೊತ್ತಿನಲ್ಲಿ ಶ್ರೋತೃವಿನ ಮನಸ್ಸು ಬರಲಿರುವ ಸ್ವರವನ್ನು ತಾನೇ ಹಾಡಿಕೊಳ್ಳುತ್ತಿರುತ್ತದೆ. ರಾಗದ ಅರ್ಧ ಕೆಲಸ ಅಲ್ಲಿಯೇ ನಡೆಯತಕ್ಕದ್ದು. ಧ್ವನಿ ತಗ್ಗಿದ ಎಡೆಯನ್ನು ಹುಡುಕುವ ಯಂತ್ರಕ್ಕೆ ಅದು ಖಾಲಿ ಜಾಗವಾಗಿ ಕಂಡರೆ ಆಶ್ಚರ್ಯವಿಲ್ಲ. (ಜೈಪುರ–ಅತ್ರೌಲಿಯ ಮಲ್ಲಿಕಾರ್ಜುನ ಮನಸೂರರಲ್ಲಿ ಇಂತಹ ಬಿಡುವು ಕಡಿಮೆ, ತಾನಿನಿಂದ ತಾನಿಗೆ ಸಮದವರೆಗೆ ಒಂದೇ ಹೆಣಿಗೆ. ಯಂತ್ರದ ಮುಂದೆ ಅವರೇ ಹೆಚ್ಚು ಸುರಕ್ಷಿತರು ಎನ್ನಬೇಕು!) ತಾಳಮದ್ದಳೆಯಲ್ಲಿಯೂ ಹೀಗೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಯು ಎದುರಾಳಿಯ ಪ್ರಶ್ನೆಯ ತರುವಾಯ ಉತ್ತರ ತೊಡಗುವ ಮೊದಲಿನ ಆ ಒಂದು ಗಳಿಗೆಗಾಗಿಯೇ ಜನ ಕಾಯುತ್ತಿದ್ದರು. ಸಹಜ ವಿರಾಮವನ್ನು ಅಳೆಯುವ ಈ ಕೋಲು ಮಾತುಕತೆಯ ವೀಡಿಯೊಗೆಂದು ಕಡೆದದ್ದು. ಅದರಿಂದಲೇ ಸಂಗೀತವನ್ನೂ ಅರ್ಥಗಾರಿಕೆಯನ್ನೂ ಅಳೆದರೆ ಕೃತಿಯ ಅತ್ಯಂತ ತುಂಬಿದ ಸ್ಥಳಕ್ಕೇ ಗಾಯವಾಗುವ ಸಂಭವವಿದೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಸೇರುತ್ತದೆ. ಯಕ್ಷಗಾನದ ಮಾತುಗಾರಿಕೆಯಲ್ಲಿ ಒಂದು ಇಂಗ್ಲಿಷ್ ಶಬ್ದ ನುಸುಳಿದರೂ ವೇಷಧಾರಿಗೆ ಅದು ಕುಂದು. ಆ ಲೋಕ ಅಷ್ಟು ಎಚ್ಚರದಿಂದ ತನ್ನ ಕನ್ನಡವನ್ನು ಕಟ್ಟಿಕೊಂಡಿದೆ. ಜಾಹೀರಾತುಗಳನ್ನಾದರೋ ಆರಿಸುವುದು ನೋಡುವವನ ಊರನ್ನೂ ಅಭ್ಯಾಸಗಳನ್ನೂ ನೋಡಿ. ಆದಕಾರಣ ಅಂಧೇರಿಯಲ್ಲಿಯೋ ಸಿಕಂದರಾಬಾದಿನಲ್ಲಿಯೋ ಕುಳಿತವನಿಗೆ ಭೀಷ್ಮವಿಜಯದ ನಡುವೆ ಹಿಂದಿಯಲ್ಲಿ ಸಾಲದ ಆಮಂತ್ರಣ ಬರುತ್ತದೆ. ಊರಿನಲ್ಲಿದ್ದವನಿಗೆ ಅದು ಬರಿಯ ಅಡಚಣೆ. ಹೊರನಾಡಿನವನಿಗೆ ಹಾಗಲ್ಲ, ಹಗಲೆಲ್ಲ ಅನ್ಯಭಾಷೆಯಲ್ಲಿ ವ್ಯವಹರಿಸಿ ಇರುಳು ಎರಡು ಗಂಟೆ ಕನ್ನಡದ ಒಳಗೆ ಇರಲೆಂದು ಬಂದವನನ್ನು ಅದು ಕೈ ಹಿಡಿದು ಮತ್ತೆ ಬೀದಿಗೆ ಎಳೆಯುತ್ತದೆ.

ಹಾಗೆಂದು ತಡೆಯುವ ಉಪಕರಣಗಳನ್ನು ಧರ್ಮರಕ್ಷಕರೆಂದು ಹೊಗಳಬೇಕಾಗಿಲ್ಲ. 2002ರಲ್ಲಿ ಡೆನ್ಮಾರ್ಕಿನ ಒಬ್ಬ ವಿದ್ಯಾರ್ಥಿ ಬರೆದ 'ಆ್ಯಡ್‌ಬ್ಲಾಕ್' ಮೊದಲಾಗಿ ಇವುಗಳ ಮೂಲ ಕ್ರಮ ಸರಳ: ಜಾಹೀರಾತು ಬರುವ ವಿಳಾಸಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಆ ವಿಳಾಸಗಳಿಗೆ ಬ್ರೌಸರ್ ಬೇಡಿಕೆ ಕಳುಹಿಸದಂತೆ ಮಾಡುವುದು. ಯೂಟ್ಯೂಬಿನಲ್ಲಿ ಜಾಹೀರಾತೂ ವೀಡಿಯೊ ಒಂದೇ ಕಣಜದಿಂದ ಬರುವುದರಿಂದ ಪಟ್ಟಿ ಸಾಲದೆ, ಪುಟದೊಳಗಿನ ಲಿಪಿಯನ್ನೇ ತಿದ್ದುವ ಉಪಾಯ ಬೇಕಾಯಿತು. 'ಆ್ಯಡ್‌ಬ್ಲಾಕ್ ಪ್ಲಸ್' ನಡೆಸುವ ಜರ್ಮನಿಯ ಸಂಸ್ಥೆ 2011ರಿಂದ 'ಒಪ್ಪತಕ್ಕ ಜಾಹೀರಾತು'ಗಳೆಂಬ ವರ್ಗ ಮಾಡಿ, ಅವನ್ನು ಒಳಬಿಡಲು ದೊಡ್ಡ ಸಂಸ್ಥೆಗಳಿಂದ ಶುಲ್ಕ ಪಡೆಯತೊಡಗಿತು. ಬಾಗಿಲು ಕಾಯಲು ನಿಂತವನು ಸುಂಕದ ಕಟ್ಟೆ ಹಾಕಿದಂತಾಯಿತು. ಆದರೂ ಈ ಉಪಕರಣ ಅನ್ಯಾಯದ ಪೈಪೋಟಿಯಲ್ಲವೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2018ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. 2022ರಲ್ಲಿ ಅಮೆರಿಕದ ಎಫ್.ಬಿ.ಐ. ಇಲಾಖೆಯೇ ವಂಚಕ ಜಾಹೀರಾತುಗಳಿಂದ ಪಾರಾಗಲು ಇಂತಹ ತಡೆಯನ್ನು ಬಳಸಬಹುದೆಂದು ಸಲಹೆಯಿತ್ತಿತು. 2023ರಲ್ಲಿ ಯೂಟ್ಯೂಬ್ ಪ್ರತಿಯಾಗಿ ಎಚ್ಚರಿಕೆಯ ಫಲಕಗಳನ್ನು ಹಾಕಿತು. ತಡೆಯನ್ನು ತೆಗೆಯದಿದ್ದರೆ ಮೂರು ವೀಡಿಯೊಗಳ ತರುವಾಯ ಮುಂದಕ್ಕಿಲ್ಲ. 2024ರಲ್ಲಿ ಜಾಹೀರಾತನ್ನು ವೀಡಿಯೊ ಪ್ರವಾಹದೊಳಕ್ಕೇ ಹೊಲಿದು ಕಳುಹಿಸುವ ಪ್ರಯೋಗ ನಡೆಯಿತು. ಗೂಗಲ್ಲಿನದೇ ಆದ ಕ್ರೋಮ್ ಬ್ರೌಸರಿನಲ್ಲಿ ಹೊಸ ನಿಯಮಾವಳಿ ಜಾರಿಯಾಗಿ 'ಯುಬ್ಲಾಕ್ ಒರಿಜಿನ್' ಎಂಬ ಪ್ರಬಲ ತಡೆ ಅಲ್ಲಿಂದ ಹೊರಬಿತ್ತು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬ್ರೌಸರಿನ ಈ ಉಪಕರಣಗಳು ಮೊಬೈಲಿನ ಯೂಟ್ಯೂಬ್ ಆ್ಯಪ್‌ನಲ್ಲಿ ನಡೆಯವು. ಕಂಪ್ಯೂಟರು ಬಲ್ಲ ನಗರದ ಮಗನಿಗೆ ಜಾಹೀರಾತಿಲ್ಲದ ಆಟ. ಊರಿನ ಜಗಲಿಯಲ್ಲಿ ಮೊಬೈಲು ಹಿಡಿದು ಕುಳಿತ ತಾಯಿಗೆ ಅಷ್ಟೂ ಜಾಹೀರಾತು. ಕಲಾವಿದನ 55 ಪಾಲು ಹುಟ್ಟುವುದು ಹೆಚ್ಚಾಗಿ ಆ ತಾಯಿಯ ಹೊತ್ತಿನಿಂದ. ಹಕ್ಕಿನ ವಾದವನ್ನು ಹೂಡುವವರು ಈ ಕಡೆಗೆ ಕಣ್ಣು ಹಾಯಿಸಿದಂತೆ ತೋರುವುದಿಲ್ಲ.

ಹಣ ತೆತ್ತು ಜಾಹೀರಾತಿನಿಂದ ಬಿಡಿಸಿಕೊಳ್ಳುವ ದಾರಿಯೂ ಉಂಟು. 2019ರಲ್ಲಿ ಭಾರತಕ್ಕೆ ಬಂದ 'ಪ್ರೀಮಿಯಮ್' ಚಂದಾ ಆಗ ತಿಂಗಳಿಗೆ 129 ರೂಪಾಯಿ, 2024ರ ಆಗಸ್ಟಿನಿಂದ 149 ರೂಪಾಯಿ. ಅದರಲ್ಲಿಯೂ ವೀಕ್ಷಣೆಯ ಹೊತ್ತಿಗೆ ಅನುಸಾರವಾಗಿ ಪಾಲುದಾರ ವಾಹಿನಿಗಳಿಗೆ ಭಾಗವಿದೆ. ಉಳ್ಳವರ ಮಟ್ಟಿಗೆ ಇದು ಮರ್ಯಾದೆಯ ಮಾರ್ಗ. 2025ರಲ್ಲಿ 89 ರೂಪಾಯಿಗೆ ಬಂದ 'ಪ್ರೀಮಿಯಮ್ ಲೈಟ್' ಮಾತ್ರ ಸಂಗೀತಕ್ಕೆ ಜಾಹೀರಾತನ್ನು ಉಳಿಸಿಕೊಂಡಿದೆ. ಸಂಗೀತ ಕೇಳಲೆಂದೇ ಬರುವವನಿಗೆ ಅಗ್ಗದ ಚೀಟಿಯಿಂದ ಪ್ರಯೋಜನವಿಲ್ಲ.

ಪಾಲುದಾರ ವಾಹಿನಿಯವರ ಕೈಯಲ್ಲಿ ಒಂದು ಅಧಿಕಾರ ಉಳಿದಿದೆ. ನಡುವಿನ ಜಾಹೀರಾತು ಎಲ್ಲಿ ಬರಬೇಕೆಂಬುದನ್ನು ಅವರು ತಾವೇ ಗುರುತು ಮಾಡಬಹುದು, ಬೇಡವೆಂದು ಬಿಡಲೂಬಹುದು. ಒಡ್ಡೋಲಗ ಮುಗಿದಲ್ಲಿ, ಒಂದು ಪ್ರಸಂಗ ತೀರಿ ಇನ್ನೊಂದು ತೊಡಗುವಲ್ಲಿ, ರಾಗ ಮುಗಿದು ಶ್ರುತಿ ಸರಿಮಾಡಿಕೊಳ್ಳುವಲ್ಲಿ ಇಟ್ಟರೆ ಕೃತಿಗೂ ಗಾಯವಿಲ್ಲ, ಗಳಿಕೆಗೂ ಪೂರ್ತಿ ಕೊರತೆಯಿಲ್ಲ. ಆ ಮೇಲೆ ತಡೆಯನ್ನು ತೆಗೆಯಿರೆಂದು ಶ್ರೋತೃವನ್ನು ಕೇಳಲು ಬಾಯಿಯೂ ಬರುತ್ತದೆ. ಎಂಟು ಗಂಟೆಯ ಬಯಲಾಟಕ್ಕೆ ಹೀಗೆ ಗುರುತು ಹಾಕಬೇಕಾದರೆ ಪ್ರಸಂಗವನ್ನು ಬಲ್ಲವನೊಬ್ಬನು ಕುಳಿತು ಎಂಟು ಗಂಟೆಯೂ ಅದನ್ನು ನೋಡಬೇಕಾಗುತ್ತದೆ. ಗುಂಡಿಯೊಂದನ್ನು ಒತ್ತಿ ಯಂತ್ರಕ್ಕೆ ಬಿಟ್ಟರೆ ಒಂದು ಗಳಿಗೆಯ ಕೆಲಸ.