ಅರ್ಧ ಲೋಟ ಚಹಾ

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ನಮ್ಮ ಮಾವ ಬಳ್ಳಾರಿಯಲ್ಲಿ ಬಸ್ ಇಳಿದ ಕೂಡಲೇ ಕೇಳಿದ್ದು ಒಂದೇ ಮಾತು: 'ಹೆಸ್ರು ಬರ್ಕೊಂತಾರೇನಪ್ಪಾ?' ಇಲ್ಲ ಮಾವ ಅಂದೆ. ಅವನು ಕುಡಿತ ಬಿಡಬಯಸುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಮುಕ್ತ ಸಭೆಯ ಬಾಗಿಲು ದಾಟಿದ್ದು ಆ ಮೇಲೆಯೇ. ಮುಕ್ತ ಸಭೆಯಲ್ಲಿ ಕುಡಿತದ ತೊಂದರೆ ಇಲ್ಲದವರೂ ಕೂರಬಹುದಾದ್ದರಿಂದ ನಾನೂ ಪಕ್ಕದಲ್ಲಿ ಕೂತೆ.

ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. ಹಾಗಾಗಿ ಯಾರ ಮಾತನ್ನೂ ಇಲ್ಲಿ ಬರೆಯುವುದಿಲ್ಲ. ಕಂಡದ್ದೊಂದನ್ನು, ಮಾವನ ಒಪ್ಪಿಗೆ ಪಡೆದು, ಹೇಳುತ್ತೇನೆ. ಚಹಾ ಹಂಚುತ್ತಿದ್ದವರು ಎಲ್ಲರಿಗೂ ಲೋಟ ತುಂಬ ಕೊಟ್ಟು, ಮಾವನಿಗೆ ಮಾತ್ರ ಅರ್ಧ ಲೋಟ ಕೊಟ್ಟರು. ಮಾವನ ಕೈ ನಡುಗುತ್ತಿತ್ತು. ಅರ್ಧ ಇದ್ದದ್ದಕ್ಕೆ ಚಹಾ ಚೆಲ್ಲಲಿಲ್ಲ. ಮುಗಿದ ಮೇಲೆ ಕೇಳದೆಯೇ ಇನ್ನರ್ಧ ಹಾಕಿದರು. ನಾವು ಮನೆಯವರು ಹತ್ತು ವರ್ಷ ಬೈದಿದ್ದೆವು, ಆಣೆ ಹಾಕಿಸಿದ್ದೆವು, ಕಾಲು ಹಿಡಿದಿದ್ದೆವು. ಅರ್ಧ ಲೋಟ ಕೊಡುವ ತಿಳಿವಳಿಕೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಕುಡಿತದಿಂದ ಎದ್ದು ಬಂದವನೇ ಇನ್ನೊಬ್ಬನನ್ನು ಎಬ್ಬಿಸಬಲ್ಲ ಎಂದು ನಂಬಿ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಈ ಕೂಟ ಕಟ್ಟಿದರು. ಆ ನಂಬಿಕೆಯ ಅರ್ಥ ನನಗೆ ಆದದ್ದು ಆ ಲೋಟ ನೋಡಿದಾಗ.

ಫೀಸಿಲ್ಲ, ಉಪದೇಶವಿಲ್ಲ, ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವವರಿಲ್ಲ. ಜೀವಮಾನಪೂರ್ತಿ ಬಿಡು ಎಂದು ಯಾರೂ ಹೇಳುವುದಿಲ್ಲ, ಇವತ್ತೊಂದು ದಿನ ಬಿಡು ಅನ್ನುತ್ತಾರೆ. ಇಂಥ ಸಭೆ ಕೆಲಸ ಮಾಡುತ್ತದೆ ಎಂಬುದು ಬರೀ ಸಮಾಧಾನದ ಮಾತಲ್ಲ. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2020ರ ಪರಿಶೀಲನೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಅನುಭವವನ್ನು ಒಟ್ಟಿಗಿಟ್ಟು ನೋಡಿತು. ಈ ಸಭೆಗಳಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟಿದ್ದವರು ನೂರಕ್ಕೆ 42. ಬೇರೆ ಚಿಕಿತ್ಸೆಗಳಲ್ಲಿ 35. ದೊಡ್ಡ ಅಂತರವಲ್ಲ, ಆದರೆ ಖರ್ಚಿಲ್ಲದ ಕುರ್ಚಿಯೊಂದು ಇಷ್ಟು ಮಾಡುವುದು ಸಣ್ಣದೂ ಅಲ್ಲ.

ನಮ್ಮ ಕಡೆ ಜನ ಹೆಚ್ಚು ಬಲ್ಲದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಎಂಟು ದಿನದ ವಾಸ, ಊರವರ ಸಹಕಾರ, ಹೆಂಡತಿ ಮಕ್ಕಳ ಸಾಕ್ಷಿ. ಎಲ್ಲ ಕನ್ನಡದಲ್ಲಿ, ನಮ್ಮ ಭಜನೆ-ಪ್ರಾರ್ಥನೆಗಳ ನಡುವೆಯೇ. ಸಾವಿರಾರು ಮನೆಗಳಿಗೆ ಇದು ಬೆಳಕು ತಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಅಳುಕು ನನಗಿದೆ. ಸಮಾರೋಪದ ದಿನ ಎಲ್ಲರೆದುರು ಪ್ರಮಾಣ ಮಾಡಿದವನು ಮೂರನೇ ತಿಂಗಳು ಜಾರಿದರೆ ಮುಖ ಎಲ್ಲಿ ತೋರಿಸಬೇಕು? ಪ್ರಮಾಣ ದೊಡ್ಡದಾದಷ್ಟೂ ಅವಮಾನವೂ ದೊಡ್ಡದು, ಅವಮಾನದಿಂದ ಮತ್ತೆ ಬಾಟಲಿಗೆ ದಾರಿ ಹತ್ತಿರ. ಹಾಗಾಗಿ ಶಿಬಿರದ ನಿಜವಾದ ಬೆಲೆ ಇರುವುದು ಅದರ ನಂತರದ ನವಜೀವನ ಸಮಿತಿಯಲ್ಲಿ, ಬಿಟ್ಟವರು ಮತ್ತೆ ಮತ್ತೆ ಸೇರುವ ಆ ಸಣ್ಣ ಬೈಠಕ್‌ನಲ್ಲಿ. ಫೋಟೋ ಬರುವುದು ಮಾತ್ರ ಸಮಾರೋಪದ್ದು.

ಅನಾನಿಮಸ್ ಸಭೆಗೂ ಕೊರತೆ ಉಂಟು. ಅದರ ಮಾತು ಇಂಗ್ಲಿಷಿನಿಂದ ಇಳಿದು ಬಂದದ್ದು. 'ಸ್ಟೆಪ್', 'ಶೇರಿಂಗ್', 'ಸ್ಪಾನ್ಸರ್' ಎಂದಾಗ ಮಾವ ನನ್ನ ಮುಖ ನೋಡಿದ. ಕನ್ನಡದ ಜೊತೆ ತೆಲುಗನ್ನೂ ಆಡುವ ಸಿರುಗುಪ್ಪದವರಿಗೆ ಮನೆಮಾತಿನಲ್ಲೇ ದುಃಖ ಬಿಚ್ಚಲು ಆಗಬೇಕು. ಇನ್ನು ದೂರ. ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ, ಹೋದರೆ ಆ ಹೊತ್ತಿನ ಕೂಲಿ ಇಲ್ಲ, ರಾತ್ರಿ ಬಸ್ ಇಳಿದರೆ ಕಣ್ಣಿಗೆ ಬೀಳುವುದು ವೈನ್ ಶಾಪಿನ ದೀಪ. ಸಭೆಯನ್ನು ಹತ್ತಿರದ ಕುರುಗೋಡಿನಲ್ಲೇ ಇಟ್ಟರೆ ಆದೀತು ಅನ್ನಿಸಬಹುದು, ಆದರೆ ಅಷ್ಟು ಸಣ್ಣ ಊರಿನಲ್ಲಿ ಹೆಸರು ಹೇಳದಿದ್ದರೂ ಹೊರಗೆ ಬಿಟ್ಟ ಚಪ್ಪಲಿ ನೋಡಿ ಗುರುತು ಹಿಡಿಯುತ್ತಾರೆ. ಕುಡಿಯುವ ಹೆಣ್ಣುಮಗಳಿಗಂತೂ ಆ ಬಾಗಿಲು ಇನ್ನೂ ಭಾರ.

ಈ ಖಾಲಿ ಜಾಗದಲ್ಲೇ ಗೋಡೆ ಬರಹಗಳು ವ್ಯಾಪಾರ ಮಾಡುತ್ತವೆ: 'ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು'. ನಮ್ಮತ್ತೆಯೂ ಒಮ್ಮೆ ಆ ಪುಡಿಯನ್ನು ಸಾರಿಗೆ ಬೆರೆಸಿದ್ದಳು. ಮಾವ ವಾಂತಿ ಮಾಡಿ ಮಲಗಿದ, ಎದ್ದು ಮತ್ತೆ ಕುಡಿದ. ತಿಳಿಯದಂತೆ ಔಷಧ ಹಾಕುವುದು ಮೋಸ, ಜೀವಕ್ಕೂ ಅಪಾಯ.

ಊರ ಹತ್ತಿರವೇ ಇಂಥ ನೆರವು ಸಿಗುವುದು ಬಳ್ಳಾರಿಗೆ ಹೊಸದಾಗಬಾರದಿತ್ತು. 1985ರಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದದ್ದು ಈ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾದದ್ದು ಅದೇ 'ಬಳ್ಳಾರಿ ಮಾದರಿ'. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡೂ ಇದೆ. ಮಂಗಳವಾರ ಸಂಜೆ ಅಲ್ಲೇ ಒಂದು ಕೋಣೆಯನ್ನು ಸಭೆಗೆ ಬಿಟ್ಟುಕೊಟ್ಟರೆ ಸಿರುಗುಪ್ಪ, ಕುರುಗೋಡಿನವರು ಬಸ್ ಕಾಯಬೇಕಿಲ್ಲ. ಚೀಟಿ ಮಾಡಿಸಲು ಬಂದವರ ನಡುವೆ ಸಭೆಗೆ ಬಂದವನು ಯಾರೆಂದು ಯಾರಿಗೂ ತಿಳಿಯದು. ಆರೋಗ್ಯ ಅಧಿಕಾರಿಗಳು ಇಷ್ಟು ಮಾಡಲಿ.

ಇದನ್ನು ಓದುತ್ತಿರುವವರ ಮನೆಯಲ್ಲಿ ಕುಡಿತವಿದ್ದರೆ ಒಂದು ಎಚ್ಚರ. ಬಹಳ ಕಾಲ ದಿನಾ ಕುಡಿದವರು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ ಹಿಡಿಯಬಹುದು. ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಸಭೆ. ಟೆಲಿಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡಕ್ಕೂ ಹಣ ಕೊಡಬೇಕಿಲ್ಲ. ಈಗಾಗಲೇ ಬಿಟ್ಟವರಿದ್ದರೆ ಅವರಲ್ಲಿ ನನ್ನ ಕೋರಿಕೆ: ನಿಮ್ಮ ಊರಲ್ಲೇ ಕೂರಿ. ಅನಾನಿಮಸ್ ಸಂಪ್ರದಾಯದ ಪ್ರಕಾರ ಒಂದು ಗುಂಪಿಗೆ ಇಬ್ಬರಿದ್ದರೆ ಸಾಕು.